ಕಾದಂಬರಿಕಾರ ದಿವಂಗತ ಶಾಂತಿನಾಥ ದೇಸಾಯಿ: ಬಾಳು ಮತ್ತು ಬರಹ

ಅಧ್ಯಾಪನ ಮತ್ತು ಸಾಹಿತ್ಯಸೃಷ್ಟಿ ಇವೆರಡೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ. ಒಂದು ಮುಂದಾಗಿ ಇನ್ನೊಂದು ಹಿಂದಾದರೆ ಸಾಲು ಸೊಟ್ಟಾಗುವುದು ಸಹಜ. ಪಾಠ, ಪರೀಕ್ಷೆ, ಉತ್ತರಪತ್ರಿಕೆಗಳ ಭಾರದಲ್ಲಿ ಲೇಖನಿ ಒಣಗಿದ ಅಧ್ಯಾಪಕರು ನಮ್ಮಲ್ಲಿ ಎಷ್ಟೋ ಜನ. ಈ ಎರಡನ್ನೂ ಸಮನಾಗಿ ನಡೆಸಿ, ಕನ್ನಡ ಕಾದಂಬರಿಗೆ ಹೊಸ ದಾರಿ ತೋರಿದವರಲ್ಲಿ ದಿವಂಗತ ಪ್ರೊ. ಶಾಂತಿನಾಥ ಕುಬೇರಪ್ಪ ದೇಸಾಯಿಯವರು ಪ್ರಮುಖರು. ಅವರ ಕರ್ಮಭೂಮಿ ನಮಗೆ ಸಮೀಪದ್ದೇ ಆದುದರಿಂದ ಅವರ ಜೀವನವು ಈ ಸಂಚಿಕೆಯ ವಾಚಕರಿಗೆ ವಿಶೇಷವಾಗಿ ಮನನೀಯವಾಗಿದೆ.

ದೇಸಾಯಿಯವರು ಜನಿಸಿದ್ದು 1929ರಲ್ಲಿ, ಉತ್ತರ ಕನ್ನಡ ಜಿಲ್ಲೆಯ ಹಳಿಯಾಳದಲ್ಲಿ, ಜೈನ ಮನೆತನವೊಂದರಲ್ಲಿ. ಅಂದು ಆ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಕಾಲದ ಪ್ರತಿಭಾವಂತ ತರುಣರಂತೆ ಇವರೂ ಉಚ್ಚ ಶಿಕ್ಷಣಕ್ಕಾಗಿ ಮುಂಬಯಿಯತ್ತ ಮುಖಮಾಡಿದರು. ಆಂಗ್ಲ ಸಾಹಿತ್ಯವನ್ನು ಆರಿಸಿಕೊಂಡು, ಮುಂದೆ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿ ಬಂದರು. ಹುಟ್ಟಿದ ಊರಿನ ಕಟ್ಟುಕಟ್ಟಳೆ, ಮಹಾನಗರದ ಸ್ವೈರತೆ, ಪರದೇಶದ ಅಪರಿಚಯ ಈ ಮೂರನ್ನೂ ಕಂಡ ಕಣ್ಣೇ ಮುಂದೆ ಅವರ ಕಥನಕಲೆಗೆ ಮೂಲಧನವಾಯಿತು.

1959ರಲ್ಲಿ ‘ಮಂಜುಗಡ್ಡೆ’ ಕಥಾಸಂಕಲನ ಹೊರಬಂದಿತು. 1961ರಲ್ಲಿ ‘ಮುಕ್ತಿ’ ಕಾದಂಬರಿ. ಅದುವರೆಗೆ ನಮ್ಮ ಕಾದಂಬರಿಗಳು ಬಹುಮಟ್ಟಿಗೆ ಕುಟುಂಬ, ಸಮಾಜ, ಆದರ್ಶಗಳ ಕಥೆಯನ್ನು ಹೊರಗಿನಿಂದ ಹೇಳುತ್ತಿದ್ದವು. ‘ಮುಕ್ತಿ’ಯಾದರೋ ಒಬ್ಬ ತರುಣನ ಒಳಮನಸ್ಸನ್ನೇ ಕಥಾವಸ್ತುವನ್ನಾಗಿ ಮಾಡಿಕೊಂಡಿತು. ಗೌರೀಶನೆಂಬ ಆ ತರುಣ ಬಯಸುವ ಬಿಡುಗಡೆ ಮೋಕ್ಷಶಾಸ್ತ್ರದ ಮುಕ್ತಿಯಲ್ಲ. ಮೋಹ, ಭಯ, ಪರಾವಲಂಬನೆಗಳಿಂದ ತನ್ನನ್ನು ತಾನು ಬಿಡಿಸಿಕೊಳ್ಳುವ ಹೆಣಗಾಟ. ನವ್ಯ ಕಾದಂಬರಿಯ ಆರಂಭವನ್ನು ವಿಮರ್ಶಕರು ಈ ಕೃತಿಯೊಡನೆ ಗುರುತಿಸುವುದು ಯುಕ್ತವೇ ಆಗಿದೆ. ಸಮುದ್ರಯಾನದ ಹಿನ್ನೆಲೆಯಲ್ಲಿ ಸ್ತ್ರೀಯೊಬ್ಬಳ ಅಂತರಂಗವನ್ನು ಚಿತ್ರಿಸುವ ‘ಕ್ಷಿತಿಜ’ ಕಥೆ ಕನ್ನಡದ ಉತ್ತಮ ಕಥೆಗಳ ಸಾಲಿನಲ್ಲಿ ನಿಂತಿದೆ. 1971ರ ‘ವಿಕ್ಷೇಪ’ದಲ್ಲಿ ಹಳ್ಳಿಯಿಂದ ಮುಂಬಯಿಗೆ ಬಂದು ಇಂಗ್ಲಿಷ್ ಕಲಿತ ಯುವಕನ ತಳಮಳವಿದೆ. ‘ಸೃಷ್ಟಿ’, ‘ಸಂಬಂಧ’, ‘ಬೀಜ’, ‘ಅಂತರಾಳ’ಗಳು ತರುವಾಯದ ಕಾದಂಬರಿಗಳು.

ವೃತ್ತಿಯಲ್ಲಿ ದೇಸಾಯಿಯವರು ಇಂಗ್ಲಿಷ್ ಪ್ರಾಧ್ಯಾಪಕರು. 1962ರಲ್ಲಿ ಕೊಲ್ಲಾಪುರದಲ್ಲಿ ಸ್ಥಾಪಿತವಾದ ಶಿವಾಜಿ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗಕ್ಕೆ ಅವರು ಮುಖ್ಯಸ್ಥರಾಗಿದ್ದರು. ನಿಪ್ಪಾಣಿಯ ಮಗ್ಗುಲಲ್ಲೇ ಇರುವ ಅರ್ಜುನನಗರದ ದೇವಚಂದ ಕಾಲೇಜು ಇದೇ ವಿಶ್ವವಿದ್ಯಾಲಯಕ್ಕೆ ಒಳಪಟ್ಟುದೆಂಬುದನ್ನು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಪಾಂಡಿತ್ಯದಲ್ಲಿಯೂ ಅವರು ಹಿಂದುಳಿದವರಲ್ಲ. ಎಂ. ಕೆ. ನಾಯಕ, ಜಿ. ಎಸ್. ಆಮೂರ ಇವರೊಡಗೂಡಿ, ಭಾರತೀಯರ ಇಂಗ್ಲಿಷ್ ಬರವಣಿಗೆಯನ್ನು ಕುರಿತ ವಿಮರ್ಶಾಲೇಖನಗಳ ಸಂಪುಟವೊಂದನ್ನು 1968ರಲ್ಲಿ ಧಾರವಾಡದಿಂದ ಹೊರತಂದರು. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯಕ್ಕೆ ಪ್ರಥಮ ಕುಲಪತಿಗಳಾಗಿ ಅಡಿಪಾಯವನ್ನು ಹಾಕಿದರು.

ಇಲ್ಲಿ ಒಂದು ವಿಷಯವನ್ನು ನಿಂತು ಯೋಚಿಸಬೇಕು. ಬೋಧಿಸಿದ್ದು ಇಂಗ್ಲಿಷ್, ನೆಲೆಸಿದ ಊರಿನ ಮಾತು ಮರಾಠಿ. ಇಂಗ್ಲಿಷಿನಲ್ಲಿಯೇ ಕಾದಂಬರಿ ಬರೆಯುವ ಯೋಗ್ಯತೆ ಅವರಿಗಿತ್ತು. ಅದರಿಂದ ದೂರದೇಶದ ಕೀರ್ತಿಯೂ ಲಭಿಸಬಹುದಾಗಿತ್ತು. ಆದರೂ ಸುಮಾರು 40 ವರ್ಷಗಳ ಕಾಲ ಅವರ ಕಥೆ ಕಾದಂಬರಿಗಳು ಹರಿದದ್ದು ಕನ್ನಡದಲ್ಲಿ. ಗಡಿಯಲ್ಲಿ ಬಾಳುವ ನಾವು ಭಾಷಾಭಿಮಾನವನ್ನು ಘೋಷಣೆಯಲ್ಲಿ ತೋರಿಸುವುದುಂಟು. ದೇಸಾಯಿಯವರು ಅದನ್ನು ದುಡಿಮೆಯಲ್ಲಿ ತೋರಿಸಿದರು. ಅನ್ಯಭಾಷೆಗಳನ್ನು ಹಳಿಯದೆ ತೋರಿಸಿದರು.

ಅವರ ಕೊನೆಯ ಕಾದಂಬರಿ ‘ಓಂ ಣಮೋ’. ಇಂಗ್ಲೆಂಡಿನ ಇಬ್ಬರು ತರುಣರು ಜೈನ ಸಮಾಜವನ್ನು ಅಭ್ಯಸಿಸಲು ಇಲ್ಲಿಗೆ ಬರುವುದು ಅದರ ವಸ್ತು. ಶೇಡಬಾಳದ ಮಿರ್ಜಿ ಅಣ್ಣಾರಾಯರು ಈ ಸೀಮೆಯ ಜೈನ ಒಕ್ಕಲಿಗರ ಬದುಕನ್ನು ‘ನಿಸರ್ಗ’ದಲ್ಲಿ ಬಹು ಹಿಂದೆಯೇ ಒಳಗಿನವರಾಗಿ ಚಿತ್ರಿಸಿದ್ದರು. ದೇಸಾಯಿಯವರು ಅದೇ ಪರಂಪರೆಯನ್ನು ಪರಕೀಯರ ಕಣ್ಣಿನಿಂದಲೂ ಪರೀಕ್ಷಿಸಿದರು. ಮನೆಯ ಬಂಧನದಿಂದ ಬಿಡುಗಡೆ ಬಯಸಿದ ತರುಣನ ಕಥೆಯಿಂದ ಹೊರಟ ಲೇಖನಿ, ಕಡೆಗೆ ಆ ಮನೆಯ ಧರ್ಮವೇನೆಂದು ವಿಚಾರಿಸಲು ಮರಳಿ ಬಂದಿತು. ಬಂದದ್ದು ಕುರುಡು ಶ್ರದ್ಧೆಯಿಂದಲ್ಲ, ತಿರಸ್ಕಾರದಿಂದಲೂ ಅಲ್ಲ, ಅರಿಯಬೇಕೆಂಬ ಹಂಬಲದಿಂದ.

1998ರಲ್ಲಿ ದೇಸಾಯಿಯವರು ಕಾಲವಶರಾದರು. ‘ಓಂ ಣಮೋ’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದದ್ದು 2000ದಲ್ಲಿ. ಆ ಗೌರವವನ್ನು ಸ್ವೀಕರಿಸಲು ಅವರಿರಲಿಲ್ಲವೆಂಬುದು ವ್ಯಸನದ ಸಂಗತಿ. ಆದರೆ ಬಿತ್ತಿದವನೇ ಉಣ್ಣಬೇಕೆಂಬ ನಿಯಮ ವಿದ್ಯಾಕ್ಷೇತ್ರದಲ್ಲಿಲ್ಲ. ಗುರುಗಳ ದುಡಿಮೆಯ ಫಲ ಶಿಷ್ಯರಲ್ಲಿ, ದಾನಿಗಳ ದಾನದ ಫಲ ಮುಂದಿನ ಪೀಳಿಗೆಯಲ್ಲಿ ಕಾಣುವಂತೆ, ಲೇಖಕನ ಫಲ ಓದುಗರಲ್ಲಿ ಕಾಣುತ್ತದೆ. ನಮ್ಮ ಶಾಲೆಗಳ ಗ್ರಂಥಾಲಯಗಳಲ್ಲಿ ಅವರ ಪುಸ್ತಕಗಳು ಬೀರುವಿನಲ್ಲಿ ಬಂಧಿಯಾಗದೆ ಮಕ್ಕಳ ಕೈಗೆ ಸಿಗುವಂತಾದರೆ, ಅದುವೇ ಆ ಹಿರಿಯ ಅಧ್ಯಾಪಕರಿಗೆ ನಾವು ಸಲ್ಲಿಸುವ ತಕ್ಕ ಸ್ಮರಣೆ.