ಎಟಿಪಿ ಗೊತ್ತು, ಸುಬ್ಬರಾವ್ ಗೊತ್ತಾ?

ಹೈಸ್ಕೂಲಿನಿಂದ ನಾವು ಎಟಿಪಿ, ಎಟಿಪಿ ಅಂತ ಬರೀತಾನೇ ಬಂದಿದ್ದೇವೆ. ಜೀವಕೋಶದ ಎನರ್ಜಿ ಕರೆನ್ಸಿ ಅಂದರೆ ಸಾಕು, ಮಾರ್ಕ್ಸ್ ಬೀಳುತ್ತೆ. ಆದರೆ ಅದನ್ನು ಕಂಡುಹಿಡಿದವರಲ್ಲಿ ಪಕ್ಕದ ಆಂಧ್ರದವರೊಬ್ಬರು ಇದ್ದರು, ಮಕ್ಕಳ ರಕ್ತದ ಕ್ಯಾನ್ಸರನ್ನು ಮೊದಲ ಬಾರಿಗೆ ಹಿಮ್ಮೆಟ್ಟಿಸಿದ ಔಷಧವೂ ಅವರ ಲ್ಯಾಬಿನಿಂದಲೇ ಬಂತು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರೇ ಯಲ್ಲಾಪ್ರಗಡ ಸುಬ್ಬರಾವ್.

ಅವರು ಹುಟ್ಟಿದ್ದು 1895ರ ಜನವರಿ 12ರಂದು, ಭೀಮಾವರಂನಲ್ಲಿ. ಮನೆಯಲ್ಲಿ ಬಡತನ. ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲಕ್ಕೆ (ಬ್ಯಾಕ್‌ಲಾಗ್ ಇರೋ ಗೆಳೆಯರೇ, ಗಮನಿಸಿ). ಆಮೇಲೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿ ಕರೆಗೆ ಓಗೊಟ್ಟು ಆಪರೇಷನ್ ಕೋಣೆಗೂ ಖಾದಿ ಗೌನ್ ಹಾಕಿಕೊಂಡು ಹೋದರು. ಸರ್ಜರಿ ಪ್ರೊಫೆಸರ್‌ಗೆ ಸಿಟ್ಟು ಬಂತು. ಕೊನೆಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಅದೇ ವರ್ಷಗಳಲ್ಲಿ ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಆ ಕಾಯಿಲೆಗೆ ಆಗ ಮದ್ದೇ ಇರಲಿಲ್ಲ.

1922ರಲ್ಲಿ ಮಾವನ ಮನೆಯ ಸಹಾಯ, ದಾನಿಗಳ ಸಹಾಯ ಸೇರಿಸಿಕೊಂಡು ಅವರು ಬಾಸ್ಟನ್ ತಲುಪಿದರು. ಹಗಲು ಹಾರ್ವರ್ಡ್‌ನಲ್ಲಿ ಓದು, ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ. 1925ರಲ್ಲಿ ಸೈರಸ್ ಫಿಸ್ಕೆ ಜೊತೆ ರಕ್ತ, ಮೂತ್ರದಲ್ಲಿ ಎಷ್ಟು ರಂಜಕ ಇದೆ ಎಂದು ಅಳೆಯುವ ವಿಧಾನ ರೂಪಿಸಿದರು. ರಾಸಾಯನಿಕ ಬೆರೆಸಿದರೆ ನೀಲಿ ಬಣ್ಣ ಬರುತ್ತೆ, ಬಣ್ಣ ಗಾಢವಾದಷ್ಟೂ ರಂಜಕ ಜಾಸ್ತಿ. ಇಷ್ಟು ಸಿಂಪಲ್ ಅಳತೆ ಕೈಯಲ್ಲಿ ಇದ್ದಿದ್ದಕ್ಕೇ 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೊಕ್ರಿಯಾಟಿನ್, 1929ರಲ್ಲಿ ಎಟಿಪಿ ಅವರಿಗೆ ಸಿಕ್ಕವು. ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಕೂಡ ಬೇರೆಯಾಗಿ ಎಟಿಪಿ ಕಂಡುಹಿಡಿದರು. ಇಷ್ಟಾದರೂ ಹಾರ್ವರ್ಡ್ ಸುಬ್ಬರಾವ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದಲ್ಲಿದ್ದ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿದರು.

ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಲ್ಯಾಬಿನಲ್ಲೇ ತಯಾರಿಸಿತು. ಸ್ಪ್ರೂ ರೋಗಿಗಳು ಅದರಿಂದ ಚೇತರಿಸಿಕೊಂಡರು. ಸಹೋದರರನ್ನು ಕೊಂದ ಕಾಯಿಲೆಗೆ ಮದ್ದು ಸಿಕ್ಕಿತ್ತು, ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ತಡವಾಗಿ.

ಇನ್ನು ಲ್ಯುಕೇಮಿಯಾ. ತೀವ್ರ ಲ್ಯುಕೇಮಿಯಾದಲ್ಲಿ ಮೂಳೆಮಜ್ಜೆ ಬಲಿಯದ ಬಿಳಿ ರಕ್ತಕಣಗಳನ್ನು ಲೆಕ್ಕವಿಲ್ಲದಷ್ಟು ಹೆರುತ್ತಲೇ ಇರುತ್ತೆ. ಆ ಕಾಲದಲ್ಲಿ ಈ ರೋಗ ಬಂದ ಮಕ್ಕಳು ಕೆಲವೇ ವಾರ ಅಥವಾ ತಿಂಗಳಲ್ಲಿ ಸಾಯುತ್ತಿದ್ದರು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಇಂಥ ಮಕ್ಕಳಿಗೆ ಫೋಲಿಕ್ ಆಮ್ಲದ ರೂಪಗಳನ್ನು ಕೊಟ್ಟು ನೋಡಿದರು. ರೋಗ ಇನ್ನೂ ಜೋರಾದಂತೆ ಕಂಡಿತು. ಹಾಗಾದರೆ ಅದನ್ನೇ ತಡೆದರೆ? ಕೋಶ ಒಡೆದು ಎರಡಾಗಬೇಕಾದರೆ ಹೊಸ ಡಿಎನ್‌ಎ ಬೇಕು, ಡಿಎನ್‌ಎ ಕಟ್ಟಲು ಫೋಲಿಕ್ ಆಮ್ಲ ಬೇಕು. ಸುಬ್ಬರಾವ್ ತಂಡ ಫೋಲಿಕ್ ಆಮ್ಲದ ಹಾಗೇ ಕಾಣುವ, ಆದರೆ ಕೆಲಸ ಮಾಡದ ಅಮಿನೊಪ್ಟೆರಿನ್ ತಯಾರಿಸಿ ಕೊಟ್ಟಿತು. ಬೀಗದೊಳಗೆ ಸಿಕ್ಕಿಹಾಕಿಕೊಂಡು ತಿರುಗದ ನಕಲಿ ಕೀಲಿ ಇದ್ದ ಹಾಗೆ. ಔಷಧ ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು. ಆ ಚೇತರಿಕೆ ಕೆಲವು ತಿಂಗಳು ಮಾತ್ರ ಉಳಿಯಿತು, ನಿಜ. ಆದರೆ ಈ ರೋಗವನ್ನು ಮದ್ದಿನಿಂದ ಹಿಂದಕ್ಕೆ ತಳ್ಳಬಹುದು ಅಂತ ಜಗತ್ತಿಗೆ ಆಗ ಗೊತ್ತಾಯಿತು. ಅಮಿನೊಪ್ಟೆರಿನ್‌ನ ತಮ್ಮ ಮೆಥೊಟ್ರೆಕ್ಸೇಟ್ ಇವತ್ತಿಗೂ ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯಲ್ಲಿದೆ.

ಫಾರ್ಬರ್ ಅವರ ಪೇಪರ್ 1948ರ ಜೂನ್‌ನಲ್ಲಿ ಬಂತು. ಲೇಖಕರ ಪಟ್ಟಿಯಲ್ಲಿ ಸುಬ್ಬರಾವ್ ಹೆಸರಿಲ್ಲ. ಆಗಸ್ಟ್‌ನಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು ಬರೀ 53. ಬಾಸ್ಟನ್‌ಗೆ ಹೊರಟ ಮೇಲೆ ಅವರು ಊರಿಗೆ ವಾಪಸ್ ಬರಲೇ ಇಲ್ಲ, ಹೆಂಡತಿಯನ್ನು ಮತ್ತೆ ನೋಡಲೂ ಇಲ್ಲ.

ಕಥೆ ಅಲ್ಲಿಗೆ ಮುಗಿಯಲ್ಲ. ಬೆಳೆ, ಒಡೆ ಅನ್ನೋ ಸಂದೇಶ ಜೀವಕೋಶದೊಳಗೆ ಹೇಗೆ ಹೋಗುತ್ತೆ? ಕೈನೇಸ್ ಎಂಬ ಪ್ರೋಟೀನುಗಳು ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನಿಗೆ ಅಂಟಿಸುತ್ತವೆ. ಅಂಟಿದರೆ ಸ್ವಿಚ್ ಆನ್, ತೆಗೆದರೆ ಆಫ್. ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಎಫ್‌ಎಲ್‌ಟಿ3 ಎಂಬ ಕೈನೇಸ್ ಕೆಟ್ಟಿರುತ್ತೆ. ಹೊರಗಿಂದ ಸಿಗ್ನಲ್ ಬರದಿದ್ದರೂ ಅದು ಆನ್ ಆಗೇ ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಬ್ರೇಕ್ ಇಲ್ಲದ ವೈಲ್ ಲೂಪ್. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮಿಡೊಸ್ಟಾರಿನ್ ಎಂಬ ಔಷಧ ಏನು ಮಾಡುತ್ತೆ ಗೊತ್ತಾ? ಆ ಕೈನೇಸಿನಲ್ಲಿ ಎಟಿಪಿ ಕೂರಬೇಕಾದ ಸೀಟಿನಲ್ಲಿ ತಾನೇ ಹೋಗಿ ಕೂತುಬಿಡುತ್ತೆ. ಸುಬ್ಬರಾವ್ ಕಂಡುಹಿಡಿದ ಎಟಿಪಿ, ಅವರ ತಂಡ ಬಳಸಿದ ನಕಲಿ ಕೀಲಿಯ ಉಪಾಯ, ಎರಡೂ ಇಲ್ಲಿ ಒಂದೇ ಕಡೆ ಸೇರಿವೆ.

ಬೀದರ್, ಕಲಬುರಗಿ ಕಡೆಯ ಗೆಳೆಯರು ಆನೆಕಾಲು ರೋಗ ತಡೆಯಲು ಮನೆಮನೆಗೆ ಕೊಡುವ ಡಿಇಸಿ ಮಾತ್ರೆ ನುಂಗಿರಬಹುದು. ಅದೂ ಸುಬ್ಬರಾವ್ ಮುಖ್ಯಸ್ಥರಾಗಿದ್ದಾಗ ಲೆಡರ್ಲೆಯಿಂದ ಬಂದದ್ದೇ. 1995ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ತಂದಿತು. ನಮ್ಮ ಪಠ್ಯದಲ್ಲಿ ಮಾತ್ರ ಎಟಿಪಿ ಇದೆ, ಅವರಿಲ್ಲ. ಮುಂದಿನ ಸಲ ಉತ್ತರ ಪತ್ರಿಕೆಯಲ್ಲಿ ಎಟಿಪಿ ಅಂತ ಬರೆಯುವಾಗ ಪಕ್ಕದಲ್ಲಿ ಅವರ ಹೆಸರನ್ನೂ ಬರೆಯೋಣ. ಅದಕ್ಕೆ ಮಾರ್ಕ್ಸ್ ಸಿಗದಿದ್ದರೂ ಪರವಾಗಿಲ್ಲ.