ದೇವಾಲಯದ ಮೇಲಿನ ದೂರದರ್ಶಕ

1818ರಲ್ಲಿ ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ ಜನಿಸಿದ ವಂದನೀಯ ಆಂಜೆಲೊ ಸೆಕ್ಕಿಯವರು ಯೇಸುಸಭೆಯ ಗುರುಗಳು. ರೋಮಿನ ಸಂತ ಇಗ್ನಾಸಿಯವರ ದೇವಾಲಯದ ಮೇಲೆ ದೂರದರ್ಶಕವನ್ನು ನೆಲೆಗೊಳಿಸಿ, 4000ಕ್ಕೂ ಹೆಚ್ಚು ನಕ್ಷತ್ರಗಳ ಬೆಳಕನ್ನು ರೋಹಿತದರ್ಶಕದಿಂದ ಬಿಡಿಸಿ ನೋಡಿದರು. ಹಾದಿಯಲ್ಲಿರುವ ಅನಿಲವು ಬೆಳಕಿನಿಂದ ತನಗೆ ಸಲ್ಲುವ ಬಣ್ಣವನ್ನಷ್ಟೇ ಹೀರಿ ಕಪ್ಪು ಗೆರೆಯನ್ನು ಉಳಿಸುತ್ತದೆ. ಅಂಥ ಗೆರೆಗಳ ಆಧಾರದಿಂದಲೇ ಅವರು ನಕ್ಷತ್ರಗಳನ್ನು ವರ್ಗೀಕರಿಸಿದರು. ಗೆಲಾಕ್ಸಿಗಳ ನಡುವಣ ಅತಿ ತೆಳುವಾದ ಜಲಜನಕದ ಮೋಡಗಳನ್ನು ಇಂದು ಕ್ವೇಸಾರುಗಳ ಬೆಳಕಿನಲ್ಲಿ ಗುರುತಿಸುವುದೂ ಇಂಥ ಗೆರೆಗಳಿಂದಲೇ. ಇಲ್ಲದ ಬೆಳಕು ಇರುವ ವಸ್ತುವಿಗೆ ಸಾಕ್ಷಿ! ತತ್ತ್ವಶಾಸ್ತ್ರ ಓದಿದ ನಾವೂ ಇಲ್ಲಿ ಬೆರಗಾಗುತ್ತೇವೆ.

1870ರಲ್ಲಿ ರೋಮ್ ಪೋಪ್ ಜಗದ್ಗುರುಗಳ ಕೈತಪ್ಪಿತು. ಸೆಕ್ಕಿಯವರು ಅವರಿಗೂ ತಮ್ಮ ಸಭೆಗೂ ನಿಷ್ಠರಾಗಿಯೇ ಉಳಿದರು. ಆದರೂ ಹೊಸ ಸರ್ಕಾರವು ವೀಕ್ಷಣಾಲಯವನ್ನು ಅವರ ಕೈಯಿಂದ ಕೀಳಲಿಲ್ಲ. 1878ರ ಫೆಬ್ರವರಿ 26ರಂದು ಅವರು ದೈವಾಧೀನರಾದರು; ಆ ಬಳಿಕ ಅದು ಸರ್ಕಾರದ ವಶವಾಯಿತು.