ಲೆನಿನ್ ಮಾಡಿಕೊಂಡ ಸಂಧಿ

ಯುದ್ಧದಲ್ಲಿ ಗೆದ್ದವರ ಚರಿತ್ರೆಯನ್ನು ನಾವೆಲ್ಲರೂ ಓದುತ್ತೇವೆ. ಸೋಲನ್ನು ಒಪ್ಪಿಕೊಂಡು, ನಾಡಿನ ಬಹುಭಾಗವನ್ನು ಶತ್ರುವಿಗೆ ಬಿಟ್ಟುಕೊಟ್ಟು, ಆ ಅಪಕೀರ್ತಿಯನ್ನು ತಾನೇ ಹೊತ್ತವನ ಚರಿತ್ರೆ ಅಪರೂಪ. ಇತಿಹಾಸದ ವಿದ್ಯಾರ್ಥಿಯಾದ ನನ್ನನ್ನು ಲೆನಿನ್ನನ ಜೀವನದಲ್ಲಿ ಹೆಚ್ಚು ವಿಚಾರಕ್ಕೆ ಹಚ್ಚಿದ್ದು ಅವನ ಕ್ರಾಂತಿಯ ವಿಜಯವಲ್ಲ. 1918ರಲ್ಲಿ ಅವನು ಜರ್ಮನಿಯೊಡನೆ ಮಾಡಿಕೊಂಡ ಸಂಧಿ.

ವ್ಲಾದಿಮಿರ್ ಇಲ್ಯಿಚ್ ಉಲ್ಯಾನೊವ್ ಎಂಬುದು ಲೆನಿನ್ನನ ನಿಜವಾದ ಹೆಸರು. ಅವನು 1870ರ ಏಪ್ರಿಲ್ 22ರಂದು ವೋಲ್ಗಾ ನದಿಯ ದಡದ ಸಿಂಬಿರ್ಸ್ಕ್ ಪಟ್ಟಣದಲ್ಲಿ ಜನಿಸಿದನು. ತಂದೆ ಶಾಲೆಗಳ ತನಿಖಾಧಿಕಾರಿ. ಚಕ್ರವರ್ತಿಯನ್ನು ಕೊಲ್ಲುವ ಸಂಚಿನಲ್ಲಿ ಸಿಕ್ಕಿಬಿದ್ದ ಅಣ್ಣ ಅಲೆಕ್ಸಾಂಡರನು 1887ರಲ್ಲಿ ಗಲ್ಲಿಗೇರಿದನು. ಅದೇ ವರ್ಷ ಕಜಾನ್ ವಿಶ್ವವಿದ್ಯಾನಿಲಯವನ್ನು ಸೇರಿದ ತಮ್ಮನು, ವಿದ್ಯಾರ್ಥಿಗಳ ಪ್ರತಿಭಟನೆಯಲ್ಲಿ ಭಾಗವಹಿಸಿದ್ದಕ್ಕಾಗಿ ಕೆಲವೇ ತಿಂಗಳಲ್ಲಿ ಹೊರಹಾಕಲ್ಪಟ್ಟನು. ತಾನಾಗಿಯೇ ಓದಿ 1891ರಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಬಳಿಕ ಸೆರೆಮನೆ, ಸೈಬೀರಿಯದ ಗಡೀಪಾರು, ಪರದೇಶಗಳ ಅಲೆದಾಟ. ಹೀಗೆ ಅವನ ಯೌವನವೆಲ್ಲ ಕಳೆಯಿತು.

1917ರಲ್ಲಿ ಚಕ್ರವರ್ತಿಯ ಆಳ್ವಿಕೆ ಉರುಳಿತು. ಆದರೆ ಅನಂತರ ಬಂದ ತಾತ್ಕಾಲಿಕ ಸರ್ಕಾರವು ಮೊದಲನೆಯ ಮಹಾಯುದ್ಧವನ್ನು ಮುಂದುವರಿಸಿತು. ಸ್ವಿಟ್ಜರ್ಲೆಂಡಿನಲ್ಲಿದ್ದ ಲೆನಿನ್ನನು ಜರ್ಮನರ ಒಪ್ಪಿಗೆ ಪಡೆದು ಅವರ ದೇಶದ ಮೂಲಕವೇ ರೈಲಿನಲ್ಲಿ ತಾಯ್ನಾಡನ್ನು ಸೇರಿದನು. ಅವನು ಜರ್ಮನರ ಗೂಢಚಾರನೆಂಬ ದೂರು ಆಗಲೇ ಹುಟ್ಟಿಕೊಂಡಿತು. ನವೆಂಬರ್ 7ರಂದು ಅವನ ಬೋಲ್ಷೆವಿಕ್ ಪಕ್ಷವು ಅಧಿಕಾರವನ್ನು ವಶಪಡಿಸಿಕೊಂಡಿತು. ಮರುದಿನವೇ ಹೊಸ ಸರ್ಕಾರವು ಯಾರ ನೆಲವನ್ನೂ ಕಸಿಯದ, ಯಾರಿಂದಲೂ ದಂಡ ಕೇಳದ ಶಾಂತಿಗಾಗಿ ಕರೆಕೊಟ್ಟಿತು. ಮಿತ್ರರಾಷ್ಟ್ರಗಳು ಕಿವಿಗೊಡಲಿಲ್ಲ. ಇತ್ತ ರಷ್ಯದ ಸೈನಿಕರು ಕಂದಕಗಳನ್ನು ಬಿಟ್ಟು, ಜಮೀನು ಹಂಚಿಕೆಯಾಗುತ್ತಿದ್ದ ತಮ್ಮ ಹಳ್ಳಿಗಳತ್ತ ನಡೆದಿದ್ದರು.

ಡಿಸೆಂಬರಿನಲ್ಲಿ ಜರ್ಮನರ ವಶದಲ್ಲಿದ್ದ ಬ್ರೆಸ್ಟ್-ಲಿಟೋವ್ಸ್ಕ್ ಕೋಟೆಯಲ್ಲಿ ಮಾತುಕತೆ ಮೊದಲಾಯಿತು. ಮೇಜಿನ ಒಂದು ಕಡೆ ರಾಜಕುಮಾರರು, ಸೇನಾಪತಿಗಳು. ಇನ್ನೊಂದು ಕಡೆ ಕ್ರಾಂತಿಕಾರರೊಡನೆ ಒಬ್ಬ ಕಾರ್ಮಿಕ, ಒಬ್ಬ ಸೈನಿಕ, ಒಬ್ಬ ನಾವಿಕ, ಒಬ್ಬ ಮುದಿ ರೈತ. ಜರ್ಮನರು ತಾವು ಗೆದ್ದ ನೆಲವನ್ನು ಬಿಡಲೊಪ್ಪಲಿಲ್ಲ.

ಆಗ ಬೋಲ್ಷೆವಿಕರಲ್ಲಿ ಮೂರು ಅಭಿಪ್ರಾಯಗಳು ತಲೆದೋರಿದವು. ಕ್ರಾಂತಿಗಾಗಿ ಯುದ್ಧವನ್ನು ಮುಂದುವರಿಸಬೇಕೆಂದು ಬುಖಾರಿನ್ ವಾದಿಸಿದನು. ಯುದ್ಧವೂ ಬೇಡ, ಸಹಿಯೂ ಬೇಡವೆಂದು ಟ್ರಾಟ್ಸ್ಕಿ ಹೇಳಿದನು. ಕಾದಾಡಲು ಸೈನ್ಯವೇ ಇಲ್ಲವಾದ್ದರಿಂದ ಕೂಡಲೇ ಸಹಿ ಹಾಕಬೇಕೆಂಬುದು ಲೆನಿನ್ನನ ವಾದ. ಜನವರಿಯ ಸಭೆಯಲ್ಲಿ ಯುದ್ಧಕ್ಕೆ 32, ಟ್ರಾಟ್ಸ್ಕಿಗೆ 16, ಲೆನಿನ್ನನಿಗೆ ಕೇವಲ 15 ಮತಗಳು ಬಂದವು! ತಾನೇ ಕಟ್ಟಿದ ಪಕ್ಷದಲ್ಲಿ ಅವನು ಅಲ್ಪಸಂಖ್ಯಾತನಾದನು.

ಫೆಬ್ರವರಿ 10ರಂದು ಟ್ರಾಟ್ಸ್ಕಿ ಸಹಿ ಹಾಕದೆಯೇ ಯುದ್ಧ ಮುಗಿಯಿತೆಂದು ಸಾರಿ ಹಿಂದಿರುಗಿದನು. 18ರಂದು ಜರ್ಮನ್ ಸೈನ್ಯ ಮೇಲೆ ಬಿತ್ತು. ತಡೆಯುವವರಿಲ್ಲದೆ ಅದು ರೈಲುದಾರಿ ಹಿಡಿದು ನಿಲ್ದಾಣದಿಂದ ನಿಲ್ದಾಣಕ್ಕೆ ಮುಂದುವರಿಯಿತು. 23ರಂದು ಇನ್ನೂ ಕಠಿಣವಾದ ಷರತ್ತುಗಳು ಬಂದವು. ಇವುಗಳಿಗೆ ಒಪ್ಪದಿದ್ದರೆ ತಾನು ಅಧಿಕಾರ ಬಿಟ್ಟು ಹೋಗುವುದಾಗಿ ಲೆನಿನ್ನನು ಕೇಂದ್ರ ಸಮಿತಿಗೆ ಎಚ್ಚರಿಕೆ ಕೊಟ್ಟನು. ಪರವಾಗಿ 7, ವಿರುದ್ಧವಾಗಿ 4. ಟ್ರಾಟ್ಸ್ಕಿಯೂ ಸೇರಿ ನಾಲ್ವರು ತಟಸ್ಥರು. ಮಾರ್ಚ್ 3ರಂದು ರಷ್ಯದ ನಿಯೋಗವು ಷರತ್ತುಗಳನ್ನು ಚರ್ಚಿಸಲೂ ಒಪ್ಪದೆ ಸಹಿ ಹಾಕಿತು.

ಪೋಲೆಂಡ್, ಬಾಲ್ಟಿಕ್ ಪ್ರಾಂತಗಳು, ಫಿನ್ಲೆಂಡ್, ಉಕ್ರೇನ್ ಎಲ್ಲವೂ ಕೈಬಿಟ್ಟವು. ಹಳೆಯ ಸಾಮ್ರಾಜ್ಯದ ಜನಸಂಖ್ಯೆಯ ಸುಮಾರು ಮೂರರಲ್ಲೊಂದು ಪಾಲು, ಕಲ್ಲಿದ್ದಲ ಗಣಿಗಳ ಬಹುಭಾಗ ಹೋಯಿತು. ಸರ್ಕಾರದ ಜೊತೆಗಿದ್ದ ಎಡ ಸಮಾಜವಾದಿ ಕ್ರಾಂತಿಕಾರಿ ಪಕ್ಷವು ಮುನಿದು ಹೊರನಡೆಯಿತು. ರಾಜಧಾನಿ ಪೆಟ್ರೋಗ್ರಾಡಿನಿಂದ ಮಾಸ್ಕೋಗೆ ಸರಿಯಿತು. ಲೆನಿನ್ನನು ಇದನ್ನು ವಿಜಯವೆಂದು ಬಣ್ಣಿಸಲಿಲ್ಲ. ನಾಚಿಕೆಗೇಡಿನ ಸಂಧಿಯೆಂದೇ ಒಪ್ಪಿಕೊಂಡನು. 1807ರಲ್ಲಿ ಪ್ರಷ್ಯವು ನೆಪೋಲಿಯನ್ನನಿಗೆ ಮಣಿದು ಟಿಲ್ಸಿಟ್ಟಿನಲ್ಲಿ ಸಂಧಿ ಮಾಡಿಕೊಂಡು, ಮತ್ತೆ ತಲೆಯೆತ್ತಿದ್ದನ್ನು ಜನರಿಗೆ ನೆನಪಿಸಿದನು.

ಸರ್ವನಾಶ ಒದಗಿದಾಗ ಅರ್ಧವನ್ನು ಬಿಟ್ಟುಕೊಡುವವನೇ ಜಾಣನೆಂದು ನಮ್ಮ ಹಿರಿಯರು ಹೇಳುವರು. ಆದರೆ ಬಿಟ್ಟುಕೊಟ್ಟ ಆ ಅರ್ಧದಲ್ಲಿ ಬಾಳುತ್ತಿದ್ದವರ ಗತಿಯೇನು? ಉಕ್ರೇನಿನ ರೈತರನ್ನು ಯಾರೂ ಕೇಳಲಿಲ್ಲ; ಅವರ ಧಾನ್ಯ ಜರ್ಮನರ ಪಾಲಾಯಿತು. ಜನರು ಆರಿಸಿದ ಸಂವಿಧಾನ ಸಭೆಯನ್ನು ಲೆನಿನ್ನನ ಸರ್ಕಾರವೇ ಜನವರಿಯಲ್ಲಿ ಬಲಾತ್ಕಾರದಿಂದ ಮುಚ್ಚಿಸಿತ್ತು. ಶಾಂತಿಯೂ ಪೂರ್ತಿಯಾಗಿ ಸಿಗಲಿಲ್ಲ. ಅಂತರ್ಯುದ್ಧವು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಲೆನಿನ್ನನನ್ನು ಮೆಚ್ಚುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನನ್ನ ಅಭಿಪ್ರಾಯ.

ನವೆಂಬರ್ 11ರಂದು ಜರ್ಮನಿ ಪಶ್ಚಿಮದಲ್ಲಿ ಶರಣಾಯಿತು. ಎರಡೇ ದಿನಗಳಲ್ಲಿ ಸೋವಿಯತ್ ಸರ್ಕಾರವು ಸಂಧಿಯನ್ನು ರದ್ದುಪಡಿಸಿತು. ಉಕ್ರೇನಿನ ಬಹುಭಾಗ ಮುಂದೆ ಮತ್ತೆ ಸೋವಿಯತ್ತರ ವಶವಾಯಿತು; ಫಿನ್ಲೆಂಡ್, ಪೋಲೆಂಡ್, ಬಾಲ್ಟಿಕ್ ನಾಡುಗಳು ಸ್ವತಂತ್ರವಾದವು. ಆಗಸ್ಟಿನಲ್ಲಿ ಗುಂಡಿನೇಟು ತಿಂದು ಬದುಕಿ ಉಳಿದಿದ್ದ ಲೆನಿನ್ನನು, ಪಾರ್ಶ್ವವಾಯುವಿನಿಂದ ನರಳಿ 1924ರ ಜನವರಿ 21ರಂದು ತೀರಿಕೊಂಡನು. ಅವನು ಕಟ್ಟಿದ ರಾಜ್ಯವೂ 1991ರಲ್ಲಿ ಕಣ್ಮರೆಯಾಯಿತು.

ವೀರಾವೇಶದ ಮಾತಿಗೆ ಸಭೆಯಲ್ಲಿ ಚಪ್ಪಾಳೆ ಸುಲಭವಾಗಿ ದೊರೆಯುತ್ತದೆ. ಕೈಯಲ್ಲಿ ಏನಿಲ್ಲವೆಂಬುದನ್ನು ಎಣಿಸಿ ಹೇಳುವವನಿಗೆ ದೊರೆಯುವುದು ನಿಂದೆ ಮಾತ್ರ. ಲೆನಿನ್ನನ ಮಾರ್ಗವನ್ನು ಒಪ್ಪದವರೂ, ಆ ನಿಂದೆಗೆ ಅಂಜದೆ ಅವನು ನಿಂತ ಆ ಫೆಬ್ರವರಿ ದಿನವನ್ನು ಮರೆಯಲಾರರು.